ಉತ್ತರಕ್ಕೆ ತಲೆ

ಮೂವತ್ತನೇ ಮಹಡಿಯ ಕೋಣೆಯಲ್ಲಿ ಚಿಕ್ಕತಾಯಮ್ಮ ಮಂಚದ ಮುಂದೆ ನಿಂತಿದ್ದಳು. ಆಕೆ ಆ ದೊಡ್ಡ ಹೋಟೆಲಿನಲ್ಲಿ ಹಾಸಿಗೆ ಹಾಸುವವಳು. ಕೋಣೆ ಹಿಡಿದಿದ್ದ ಗುತ್ತಿಗೆದಾರ ಚನ್ನವೀರಪ್ಪನವರು ಮೊಬೈಲಿನಲ್ಲಿ ದಿಕ್ಕು ನೋಡಿ ಗುಡುಗಿದ್ದರು.

"ಉತ್ತರಕ್ಕೆ ತಲೆ ಹಾಕಿ ಮಲಗೋದು ಹೆಣ. ನಾನು ಕೆಳಗೆ ಕಾಫಿ ಕುಡಿದು ಬರೋದರೊಳಗೆ ಮಂಚ ತಿರುಗಿಸು. ಇಲ್ಲದಿದ್ರೆ ಇವತ್ತೇ ನಿನ್ನ ಕೆಲಸ ಹೋಯ್ತು ಅಂದ್ಕೋ."

ಮಂಚವನ್ನು ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ್ದರು, ಆನೆ ಎಳೆದರೂ ಅಲುಗದು. ಹೊರಗೆ ಲಿಫ್ಟ್ ಬಂದು ನಿಂತ ಸದ್ದಾಯಿತು. ಅವಳು ಗಡಿಬಿಡಿಯಲ್ಲಿ ಒಂದೇ ಒಂದು ಕೆಲಸ ಮಾಡಿ, ಗೋಡೆಗೊರಗಿ ನಿಂತಳು.

"ಮಂಚ ಅಲ್ಲೇ ಇದೆಯಲ್ಲೇ?" ಎಂದರು ಚನ್ನವೀರಪ್ಪ.

"ಮಂಚ ಎತ್ತ ಮಲಗಿದ್ರೇನು ಸಾರ್, ತಲೆ ಇರೋದು ನಿಮಗೆ. ದಿಂಬನ್ನ ಕಾಲಿನ ಕಡೆಗೆ ತಂದಿಟ್ಟಿದ್ದೀನಿ."

ಅವರು ದಿಂಬು ನೋಡಿದರು. ಮೊಬೈಲ್ ನೋಡಿದರು. ದಕ್ಷಿಣವೇ. ಆಮೇಲೆ ಬಾಗಿಲು ಮುಂದೆ ಮಾಡಿ, ತಗ್ಗಿದ ದನಿಯಲ್ಲಿ ಹೇಳಿದರು:

"ಇದನ್ನ ಯಾರಿಗೂ ಹೇಳಬೇಡಮ್ಮ."