ಬಿಡಲು ಬಾರದ ಕೈ

ಶಿಂಷಾ ಹೊಳೆಯ ದಂಡೆಯಲ್ಲಿ ಒಂದು ಕಬಡ್ಡಿ ಅಂಕಣ, ಅದರ ಪಕ್ಕ ಒಂದು ಹೊಂಗೆ ಮರ, ಮರದ ಹಿಂದೆ ಒಂದು ಹೆಂಚಿನ ಕೋಣೆ. ಕೋಣೆಯಲ್ಲಿ ಜವರಪ್ಪ ಮೇಷ್ಟ್ರು. ಊರವರು ಆಶ್ರಮ ಅನ್ನುತ್ತಿದ್ದುದು ಇಷ್ಟಕ್ಕೇ.

ಮೇಷ್ಟ್ರು ಮಂತ್ರ ಹೇಳಿಕೊಟ್ಟವರಲ್ಲ. ದಾಳಿಗೆ ಬಂದವನ ಕಾಲು ಹಿಡಿಯುವುದನ್ನು ಹೇಳಿಕೊಟ್ಟವರು. ನಲವತ್ತು ವರ್ಷ ಅದೊಂದನ್ನೇ ಹೇಳಿಕೊಟ್ಟರು.

ಅವರ ಶಿಷ್ಯರಲ್ಲಿ ಎತ್ತರಕ್ಕೆ ಹೋದವನು ಚೆಲುವರಾಜ ಒಬ್ಬನೇ. ಹದಿನೈದನೇ ವಯಸ್ಸಿಗೆ ಬಂದು ಎಂಟು ವರ್ಷ ಈ ಮಣ್ಣಲ್ಲಿ ಹೊರಳಿದ. ಆಮೇಲೆ ಹನ್ನೆರಡು ವರ್ಷ ದೊಡ್ಡ ಊರುಗಳ ತಂಡಗಳಿಗೆ, ಟಿವಿ ದೀಪಗಳ ಕೆಳಗೆ, ಎಡಮೂಲೆಯಲ್ಲಿ ನಿಂತು ಆಡಿದ. ಎದುರಾಳಿಯ ಕಣಕಾಲು ಅವನ ಕೈಗೆ ಸಿಕ್ಕರೆ ಅಲ್ಲಿಗೆ ಮುಗಿಯಿತು. ಜನ ಅವನನ್ನು ಬೀಗ ಎಂದು ಕರೆದರು.

ಒಂದು ಬೆಳಗ್ಗೆ ಬೀಗ ಕುಂಟುತ್ತಾ ಹೊಳೆದಂಡೆಗೆ ವಾಪಸು ಬಂತು.

ಮೇಷ್ಟ್ರ ಕಾಲಿಗೆ ನಮಸ್ಕಾರ ಮಾಡಲು ಹೋದ. ಮಂಡಿ ಮಡಚಲಿಲ್ಲ. ಗೋಡೆ ಹಿಡಿದುಕೊಂಡು ಅರ್ಧಕ್ಕೇ ನಿಂತ. ಬೆರಳುಗಳು ಹಸಿಶುಂಠಿಯ ಹಾಗೆ ದಿಕ್ಕಿಗೊಂದೊಂದು ತಿರುಗಿದ್ದವು.

"ಇರ್ಲಿ ಬಿಡ್ಲಾ. ಕುಂತ್ಕೊ. ತಿಂಡಿ ಆಯ್ತಾ?"

"ಆಯ್ತು ಮೇಷ್ಟ್ರೇ."

ಆಗಿರಲಿಲ್ಲ. ಇಬ್ಬರಿಗೂ ಗೊತ್ತಿತ್ತು. ಮೇಷ್ಟ್ರು ಒಂದು ಲೋಟ ಮಜ್ಜಿಗೆ ತಂದಿಟ್ಟರು. ಚೆಲುವರಾಜ ಜಗಲಿಯ ಮೇಲೆ ಕಾಲು ಚಾಚಿ ಕುಳಿತ.

"ಇನ್ನೊಂದು ವರ್ಷ ಆಡ್ಬೇಕು ಅಂತಿದೀನಿ. ನಿಮ್ಮ ಆಶೀರ್ವಾದ ಬೇಕು."

"ತಂಡದೋರು ಕರೆದವ್ರಾ?"

"ನಮ್ಮೋರು ಬಿಟ್ಬಿಟ್ರು. ಫೋನಲ್ಲೇ ಹೇಳಿ ಮುಗಿಸಿದ್ರು. ಬೇರೆ ಕಡೆ ಒಂದು ಸಣ್ಣ ತಂಡ ಐತೆ, ಕೇಳ್ತಾವ್ರೆ."

"ಡಾಕ್ಟ್ರು ಏನಂದ್ರು?"

"ಮಂಡಿ ಇನ್ನೊಂದು ಸಲ ಹೋದ್ರೆ ಕೋಲೇ ಗತಿ ಅಂದ್ರು."

"ಮತ್ತೆ ಯಾಕ್ಲಾ?"

ಚೆಲುವರಾಜ ಹೊಳೆಯ ಕಡೆ ನೋಡಿದ.

ಮೇಷ್ಟ್ರು ಸಾಕಿದ ಒಂದು ಕೋಳಿ ಜಗಲಿಯ ಮೇಲೆ ರಾಗಿ ಹೆಕ್ಕುತ್ತಾ ಬಂತು. ಚೆಲುವರಾಜನ ಮುಂದೆ ಹಾದುಹೋಯಿತು. ಅವನ ಕಣ್ಣು ಹೊಳೆಯ ಮೇಲೇ ಇತ್ತು. ಕೈ ಮಾತ್ರ ಹೋಗಿ ಕೋಳಿಯ ಕಾಲು ಹಿಡಿದಿತ್ತು.

ಕೋಳಿ ರೆಕ್ಕೆ ಬಡಿದು ಅರಚಿತು. ಅರಚಿದಷ್ಟೂ ಮುಷ್ಟಿ ಬಿಗಿಯಾಯಿತು.

"ಬಿಡ್ಲಾ ಅದನ್ನ."

ಬಿಡಬೇಕೆಂದು ಅವನಿಗೂ ಇತ್ತು. ಬೇರೆ ಯಾರದ್ದೋ ಕೈ ನೋಡುವಂತೆ ತನ್ನ ಕೈಯನ್ನು ನೋಡಿದ. ಕೊನೆಗೆ ಬಲಗೈಯಿಂದ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಕೋಳಿ ಕುಂಟುತ್ತಾ ಕೋಣೆಯ ಹಿಂದಕ್ಕೆ ಓಡಿತು.

ಮೇಷ್ಟ್ರು ಓಡಿಹೋದ ಕೋಳಿಯನ್ನು, ಆಮೇಲೆ ಅವನ ಎಡಗೈಯನ್ನು ನೋಡಿದರು.

"ಮನೇಲಿ ಯಾರನ್ನ ಹಿಡಿದೆ?"

ಚೆಲುವರಾಜನ ಮುಖ ಕಪ್ಪಿಟ್ಟಿತು.

"ಕೂಸನ್ನ."

"ಹೇಳು."

"ಎರಡು ತಿಂಗಳಾಯ್ತು. ಒಂದು ಭಾನುವಾರ ಬೆಳಗ್ಗೆ. ಸೋಫಾ ಮೇಲೆ ಕುಂತು ಪೇಪರ್ ಓದ್ತಿದ್ದೆ. ಇಂಚರ ಬಲೂನ್ ಹಿಡ್ಕೊಂಡು ನನ್ ಮುಂದಿಂದ ಓಡಿದ್ಲು. ಏಳು ವರ್ಷ ಮೇಷ್ಟ್ರೇ ಅವಳಿಗೆ. ಕಣಕಾಲು ಇಷ್ಟೇ ಇಷ್ಟು." ಹೆಬ್ಬೆರಳು ತೋರುಬೆರಳು ಕೂಡಿಸಿ ತೋರಿಸಿದ.

"ಬಿದ್ಲಾ?"

"ಮುಖ ಅಡಿಯಾಗಿ. ಟೈಲ್ಸ್ ನೆಲ. ಮಣಿಕಟ್ಟು ಮುರೀತು. ಎರಡು ಹಲ್ಲು ಹೋಯ್ತು."

"ಹಾಲುಹಲ್ಲಾ?"

"ಒಂದು ಹಾಲುಹಲ್ಲು. ಒಂದು ಹೊಸದು."

"ತಕ್ಷಣ ಬಿಟ್ಟೆ ತಾನೇ?"

"ಇಲ್ಲ. ಅಪ್ಪಾ ಅಂತ ಕಿರುಚಿದ್ಲು. ಕಿರುಚಿದಷ್ಟೂ ಬಿಗಿಯಾಯ್ತು. ಹೆಂಡ್ತಿ ಓಡಿಬಂದು ಬಿಡಿಸಿದ್ಲು."

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಇದೇ ಅಂಕಣದಲ್ಲಿ ದಿನಾ ತಾವೇ ಕೂಗಿದ ಮಾತು ಅವರಿಗೆ ಮರೆತಿರಲಿಲ್ಲ. 'ಕಿರುಚಿದ್ರೆ ಬಿಡಬ್ಯಾಡ್ರೋ. ನಾಟಕ ಆಡ್ತಾನೆ. ಕಿರುಚಿದಾಗ ಇನ್ನೂ ಬಿಗಿಯಾಗಿ ಹಿಡೀರಿ. ಉಸಿರು ಮುರಿಯೋವರೆಗೂ ಬಿಡಂಗಿಲ್ಲ.'

ಹದಿನಾರನೇ ವಯಸ್ಸಿನಲ್ಲಿ ಚೆಲುವರಾಜ ಒಂದೇ ಒಂದು ಸಲ ಬಿಟ್ಟಿದ್ದ. ಅಯ್ಯೋ ಕಾಲು ಮುರೀತು ಎಂದು ಎದುರಾಳಿ ಕೂಗಿಕೊಂಡ, ಇವನು ಪಾಪ ಎಂದು ಕೈ ತೆಗೆದ. ಅವನು ನಕ್ಕು ಗೆರೆ ಮುಟ್ಟಿದ. ಮಾರನೇ ದಿನ ಮೇಷ್ಟ್ರು ಹೊಂಗೆ ಮರಕ್ಕೆ ಒನಕೆ ನೇತುಹಾಕಿ, ಹರಳೆಣ್ಣೆ ಬಳಿದು, ಕಣಕಾಲಿನ ಎತ್ತರಕ್ಕೆ ತೂಗಿಬಿಟ್ಟರು. ದಿನಕ್ಕೆ ಸಾವಿರ ಸಲ ಅದನ್ನು ಹಿಡಿಯಬೇಕು. ಹಿಡಿದಾಗಲೆಲ್ಲ ಉಳಿದ ಹುಡುಗರು ಸುತ್ತ ನಿಂತು ಅಯ್ಯೋ ಅಮ್ಮಾ ಎಂದು ಕಿರುಚಬೇಕು.

ಮೊದಮೊದಲು ಚೆಲುವರಾಜನಿಗೆ ಅಳು ಬರುತ್ತಿತ್ತು. ಆಮೇಲಾಮೇಲೆ ಬರಲಿಲ್ಲ. ಅದನ್ನು ನೋಡಿ ಮೇಷ್ಟ್ರಿಗೆ ಖುಷಿಯಾಗಿತ್ತು.

"ಈಗ ಹೆಂಗವಳೆ ಕೂಸು?"

"ಮೂಳೆ ಕೂಡ್ಕೊಂಡೈತೆ. ನನ್ ಹತ್ರ ಬರಲ್ಲ. ಅಡುಗೆಮನೆಗೆ ಹೋಗೋವಾಗ ಗೋಡೆಗೆ ಬೆನ್ನು ಹಚ್ಕೊಂಡು ಹೋಗ್ತಾಳೆ. ನಾನು ಕುಂತಲ್ಲಿಂದ ನನ್ನ ಕೈ ಎಟುಕೋದು ಎರಡೂವರೆ ಟೈಲ್ಸ್. ಅವಳು ಮೂರು ಬಿಟ್ಟು ಹೋಗ್ತಾಳೆ. ಯಾರೂ ಹೇಳ್ಕೊಟ್ಟಿಲ್ಲ ಮೇಷ್ಟ್ರೇ."

"ಒಳ್ಳೆ ಆಟಗಾರ್ತಿ ಆಯ್ತಾಳೆ."

ಅಂದ ಮೇಷ್ಟ್ರೂ ನಗಲಿಲ್ಲ, ಕೇಳಿದವನೂ ನಗಲಿಲ್ಲ.

"ಅದಕ್ಕೇ ಆಡಕ್ಕೆ ಹೋಗ್ತೀನಿ ಅಂತಿರೋದು. ಅಲ್ಲಾದ್ರೆ ಈ ಕೈಗೆ ಚಪ್ಪಾಳೆ ಹೊಡೀತಾರೆ. ಮನೇಲಿ ಪಾಪ ಸುತ್ಕೊಳ್ತದೆ."

"ಒಂದು ವರ್ಷ ಆಡ್ತೀಯ. ಆಮೇಲೆ?"

ಹೊಳೆಯಲ್ಲಿ ನೀರು ಕಡಿಮೆ ಇತ್ತು. ಕಲ್ಲುಗಳ ನಡುವೆ ಸದ್ದಿಲ್ಲದೆ ಹರಿಯುತ್ತಿತ್ತು.

"ಹಿಡಿಯೋದು ಕಲಿಸಿದ್ರಿ," ಚೆಲುವರಾಜ ತಲೆ ಎತ್ತಿದ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವನ ದನಿಯಲ್ಲಿ ಸಿಟ್ಟಿತ್ತು. "ಬಿಡೋದು ಯಾಕೆ ಕಲಿಸ್ಲಿಲ್ಲ?"

"ಬಿಟ್ಟೋನಿಗೆ ಯಾರೂ ಕಪ್ ಕೊಡಲ್ಲ ಅನ್ಕೊಂಡಿದ್ದೆ."

ಮೇಷ್ಟ್ರು ಎದ್ದರು. ಎಪ್ಪತ್ತೆಂಟು ವರ್ಷದ ಮೈ, ಏಳುವುದಕ್ಕೇ ಎರಡು ಸಲ ಪ್ರಯತ್ನ ಬೇಕಾಯಿತು. ಅಂಕಣಕ್ಕೆ ಇಳಿದು, ಬಗ್ಗಿ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡರು. ಪಂಚೆ ಎತ್ತಿ ಕಟ್ಟಿದರು.

"ಬಾ. ನಿನ್ನ ಮೂಲೇಲಿ ಕುಂತ್ಕೊ."

ಚೆಲುವರಾಜ ಎಡಮೂಲೆಗೆ ಹೋಗಿ ಕುಂಟುಗಾಲು ಚಾಚಿ ಕುಳಿತ.

"ನಿನ್ನ ಮುಂದೆ ಹಾದುಹೋಗ್ತೀನಿ. ಹಿಡೀಬ್ಯಾಡ."

"ಬ್ಯಾಡ ಮೇಷ್ಟ್ರೇ."

"ಕೇಳಿದ್ನಾ ನಿನ್ನ?"

ಮೇಷ್ಟ್ರು ನಡೆದರು. ಕೈ ಹೋಯಿತು. ಮೇಷ್ಟ್ರು ಬಿದ್ದರು.

"ಬಿಡು."

ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಮೇಷ್ಟ್ರು ಎದ್ದು ಮಣ್ಣು ಕೊಡವಿಕೊಂಡು ಮತ್ತೆ ಗೆರೆಯ ಹತ್ತಿರ ಹೋದರು. ಮತ್ತೆ ನಡೆದರು. ಮತ್ತೆ ಬಿದ್ದರು. ಈ ಸಲ ಮೊಣಕೈ ತರಚಿ ರಕ್ತ ಬಂತು.

ಮೂರನೇ ಸಲ ಬಿದ್ದಾಗ ಅವರ ಬಾಯಿಂದ ತಾನಾಗಿ "ಅಯ್ಯಮ್ಮಾ" ಎಂದು ಬಂದುಬಿಟ್ಟಿತು. ಕಣಕಾಲಿನ ಸುತ್ತ ಮುಷ್ಟಿ ಇನ್ನೂ ಬಿಗಿಯಾಯಿತು. ಗುರು ಶಿಷ್ಯನ ಮುಖ ನೋಡಿದರು. ಶಿಷ್ಯ ಮುಖ ತಿರುಗಿಸಿದ.

"ಒನಕೆ ಕಟ್ಟೋಣ ಮೇಷ್ಟ್ರೇ," ಅವನು ಅಂಗಲಾಚಿದ. "ಹಳೇ ಒನಕೆ ಎಲ್ಲೋ ಬಿದ್ದಿರ್ತದೆ. ಅದನ್ನ ಬಿಟ್ಟು ಬಿಟ್ಟು ಕಲೀತೀನಿ."

"ಒನಕೆಗೆ ನೋವಾಗಲ್ಲ. ಅದರ ಮುಂದೆ ಕಲಿತಿದ್ದಕ್ಕೇ ನಿನಗೆ ಹಿಂಗಾಗಿರೋದು."

ನಾಲ್ಕನೇ ಸಲ. ಐದನೇ ಸಲ. ಐದನೇ ಸಲ ಮೇಷ್ಟ್ರು ಬೇಗ ಏಳಲಿಲ್ಲ. ಮಣ್ಣಿಗೆ ಕೆನ್ನೆ ಇಟ್ಟು ಹಾಗೇ ಮಲಗಿದ್ದು ಉಸಿರು ತೆಗೆದುಕೊಂಡರು. ಚೆಲುವರಾಜ ಬಲಗೈ ಚಾಚಿ ಅವರ ಬೆನ್ನು ಮುಟ್ಟಿದ.

"ಎಷ್ಟು ದಿನ ಹಿಂಗೆ?"

"ನಿನ್ನ ಕೈಗೆ ಅದನ್ನ ತುಂಬಕ್ಕೆ ಎಂಟು ವರ್ಷ ಹಿಡೀತು."

"ನಿಮಗೆ ಎಪ್ಪತ್ತೆಂಟು."

"ಲೆಕ್ಕ ನಂಗೂ ಬತ್ತದೆ."

ಆರನೇ ಸಲ ಮೇಷ್ಟ್ರು ಬಿದ್ದಾಗ ಕಿರುಬೆರಳೊಂದು ತಾನಾಗಿ ಸಡಿಲವಾಯಿತು. ಅಥವಾ ಚೆಲುವರಾಜನಿಗೆ ಹಾಗನ್ನಿಸಿತು. ಉಳಿದ ನಾಲ್ಕು ಬೆರಳು ಹಿಡಿದಲ್ಲೇ ಇದ್ದವು.

ಅವುಗಳನ್ನು ಬಿಡಿಸುತ್ತಾ ಅವನು ಅತ್ತುಬಿಟ್ಟ. ಹನ್ನೆರಡು ವರ್ಷದ ಆಟದಲ್ಲಿ ಭುಜ ಕಳಚಿದಾಗಲೂ, ಮಂಡಿ ಹೋದಾಗಲೂ ಅಳದವನು ಮಣ್ಣಲ್ಲಿ ಕುಳಿತು ಚಿಕ್ಕ ಹುಡುಗನಂತೆ ಬಿಕ್ಕಿದ.

"ಸಾಕು ಮೇಷ್ಟ್ರೇ. ನೀವು ಸತ್ತೋಯ್ತೀರ. ನಾನು ಆಡಕ್ಕೂ ಹೋಗಲ್ಲ, ಮನೆಗೂ ಹೋಗಲ್ಲ. ಈ ಕೈ ಇಟ್ಕೊಂಡು ಎಲ್ಲಾದ್ರೂ ಒಬ್ಬನೇ ಇದ್ಬಿಡ್ತೀನಿ. ನಿಮ್ಮ ಕಾಲಿಗೆ ಬೀಳ್ತೀನಿ, ಸಾಕು ಮಾಡಿ."

ಮೇಷ್ಟ್ರು ಅಂಗೈ ಊರಿ, ಮಂಡಿ ಊರಿ, ನಿಧಾನಕ್ಕೆ ಎದ್ದರು. ಮೊಣಕೈಯ ರಕ್ತವನ್ನು ಪಂಚೆಗೆ ಒರೆಸಿಕೊಂಡರು. ಓಲಾಡುತ್ತಾ ಗೆರೆಯವರೆಗೆ ಹೋಗಿ ಅವನ ಕಡೆ ತಿರುಗಿ ನಿಂತರು.

"ಕಣ್ಣೊರೆಸ್ಕೊಂಡು ಸರಿಯಾಗಿ ಕುಂತ್ಕೊಳ್ಲಾ. ಆ ಕೈಗೆ ಮೊದಲು ಬೀಳಬೇಕಾಗಿದ್ದೋನು ನಾನು, ನಿನ್ನ ಕೂಸಲ್ಲ."