ಜಗ್ಗದ ಫ್ಯೂಸು

ಪದ್ಮರಾಜಯ್ಯನವರು ಕಾರು ಮಾರಿ, ಅದರ ಶೆಡ್ಡಿನಲ್ಲಿ ಮರಗೆಲಸದ ಹುಚ್ಚು ಹಚ್ಚಿಕೊಂಡು ವರ್ಷಗಳೇ ಆಗಿದ್ದವು. ಕೊನೆಗೂ ಮನಸ್ಸು ಮಾಡಿ ಶೆಡ್ಡಿಗೆ ಹೊಸ ವೈರಿಂಗ್ ಮಾಡಿಸಿದರು. ಗೋಡೆಯಿಂದ ಕಿತ್ತಿಟ್ಟ ಹಳೇ ಪಿಂಗಾಣಿ ಫ್ಯೂಸು ಮೇಜಿನ ಮೇಲೆ ಕೂತು, ತನ್ನ ಜಾಗಕ್ಕೆ ಬಂದ ಟ್ರಿಪ್ ಸ್ವಿಚ್ಚನ್ನು ಮೇಲಿಂದ ಕೆಳಗೆ ಅಳೆಯುತ್ತಿತ್ತು.

ಪದ್ಮರಾಜಯ್ಯನವರು ಉಮೇದಿನಲ್ಲಿ ಗರಗಸ, ಗ್ರೈಂಡರು, ಟೀ ಕಾಯಿಸುವ ಹೀಟರು ಎಲ್ಲವನ್ನೂ ಒಟ್ಟಿಗೇ ಹಾಕಿದರು. ಸ್ವಿಚ್ಚು ಟಪ್ಪನೆ ಕೆಳಕ್ಕೆ ಬಿದ್ದು ಕರೆಂಟು ನಿಂತಿತು.

"ಇದಕ್ಕಿಂತ ಹಳೇದೇ ವಾಸಿ ಇತ್ತು ಕಣಯ್ಯ," ಎಂದು ಅವರು ಎಲೆಕ್ಟ್ರಿಷಿಯನ್ ಕಡೆ ತಿರುಗಿ ಗೊಣಗಿದರು.

ಆ ಮಾತು ಕೇಳಿ ಫ್ಯೂಸು ಉಬ್ಬಿಹೋಯಿತು. "ಬಂದ ದಿನವೇ ಕೈಚೆಲ್ಲಿಬಿಟ್ಟೆಯಲ್ಲಪ್ಪ," ಎಂದಿತು.

"ಹೊರೆ ಮಿತಿ ಮೀರಿತು, ನಿಲ್ಲಿಸಿದೆ," ಎಂದಿತು ಸ್ವಿಚ್ಚು. "ತಾವು ಹೇಗೆ ಸಂಭಾಳಿಸುತ್ತಿದ್ದಿರಿ?"

"ಮೊದಮೊದಲು ನಾನೂ ಹೋಗುತ್ತಿದ್ದೆ. ಯಜಮಾನರಿಗೆ ಬೇಸರವಾಗಿ, ನನ್ನೊಳಗಿನ ತೆಳು ತಂತಿ ತೆಗೆದು ದಪ್ಪನೆಯದನ್ನು ಸುತ್ತಿದರು. ಅಲ್ಲಿಂದಾಚೆಗೆ ಎಷ್ಟೇ ಹೊರೆ ಬರಲಿ, ನಾನು ಜಗ್ಗಿದವನಲ್ಲ."

ಅಷ್ಟರಲ್ಲಿ ಎಲೆಕ್ಟ್ರಿಷಿಯನ್ ಗೋಡೆಯ ಹಳೇ ಪೈಪಿನಲ್ಲೇ ಉಳಿದಿದ್ದ ಹಳೇ ವೈರನ್ನು ಎಳೆದು ಫ್ಯೂಸಿನ ಪಕ್ಕಕ್ಕೆ ಎಸೆದ. ಅದರ ಕೆಂಪು ಹೊದಿಕೆ ಅಲ್ಲಲ್ಲಿ ಕರಗಿ, ಮೈಯೆಲ್ಲ ಕರಕಲಾಗಿತ್ತು.

ಫ್ಯೂಸು ಗಾಬರಿಯಾಯಿತು. "ಇಷ್ಟು ವರ್ಷ ನನ್ನ ಬೆನ್ನ ಹಿಂದೆಯೇ ಇದ್ದವನು ನೀನು. ಯಾವಾಗ ಹೀಗಾಯಿತು ಮಾರಾಯ?"

"ನೀವು ಜಗ್ಗದೆ ನಿಂತಾಗಲೆಲ್ಲ," ಎಂದಿತು ವೈರು.