ಡಂಗುರದ ಕಟ್ಟೆಯ ಮೇಲೆ ನಡೆದ ಆಟ

ದೇವರು ಮನುಷ್ಯನಿಗೆ ನಾಲಗೆ ಕೊಟ್ಟ. ಅದನ್ನು ಕಾಯಲು ಹಲ್ಲುಗಳನ್ನೂ ಕೊಟ್ಟ. ಅಷ್ಟು ಕಾವಲು ಸಾಕೆಂದು ಅವನ ಎಣಿಕೆ. ಆದರೆ ಬಿಳಿಗಲ್ಲು ಸಂಸ್ಥಾನದ ಪಾರುಪತ್ಯಗಾರ ತಮ್ಮರಸಯ್ಯನಿಗೆ ಅದು ಸಾಲದೆ ಹೋಯಿತು.

ಒಂದು ದಿನ ತುಂಬಿದ ಆಸ್ಥಾನದಲ್ಲಿ ಅವನು ಮೀಸೆ ತಿರುವಿ ಹೇಳಿದ: "ಪ್ರಭು, ಇನ್ನು ನನ್ನ ಅಪ್ಪಣೆ ಇಲ್ಲದೆ ಈ ಊರಿನಲ್ಲಿ ಒಬ್ಬನೂ ನಗಲಾರ. ಹಾಗೆ ಬಿಗಿ ಮಾಡಿದ್ದೇನೆ!"

"ಕೆಮ್ಮುವುದಕ್ಕೆ ಅಡ್ಡಿಯಿಲ್ಲವಷ್ಟೆ, ಬುದ್ಧಿ?" ಎಂದ ವಿದೂಷಕ ಗುರುಬಸಪ್ಪ.

ಸಂಗತಿ ಇಷ್ಟು. ಆ ಊರಿನಲ್ಲಿ ಆಟವೆಂದರೆ ಅರಮನೆ ಮೇಳದ್ದೇ. ದೇವಲೋಕದ ಕತೆ ಆಡುವುದು, ನಡುನಡುವೆ ದೊರೆಗೆ ಜಯಕಾರ ಹಾಕುವುದು, ಉಂಡು ಮಲಗುವುದು. ಜನ ನೋಡುತ್ತ ನೋಡುತ್ತ ತೂಕಡಿಸುತ್ತಿದ್ದರು. ಹೀಗಿರುವಾಗ ನೇಕಾರ ಹಂಪಯ್ಯ ತನ್ನ ಕೇರಿಯವರನ್ನು ಕೂಡಿಸಿ ಹೊಸ ತಂಡ ಕಟ್ಟಿದ. ಅರಮನೆಯ ಕಾಳು ಬೇಡ, ಕಿರೀಟ ಬೇಡ. ತೆರೆಯ ಬಟ್ಟೆಯನ್ನೂ ತಾವೇ ನೇಯ್ದರು. ಆಡಲಿದ್ದದ್ದು ಒಬ್ಬ ಅತ್ತೆ, ಒಬ್ಬ ಸೊಸೆ, ಮನೆ ಬಾಗಿಲಿಗೆ ಬರುವ ಒಬ್ಬ ಸುಂಕದ ಅಧಿಕಾರಿ, ಇವರ ಕತೆ.

ಸುಂಕವನ್ನು ನೋಡಿಕೊಳ್ಳುತ್ತಿದ್ದವನು ತಮ್ಮರಸಯ್ಯನೇ. ಪ್ರಸಂಗದ ಓಲೆ ತರಿಸಿಕೊಂಡು ಒಂದೊಂದೇ ಮಾತು ಹೊಡೆದು ಹಾಕಿದ. ಕಡೆಗೆ ಉಳಿದದ್ದು ಮೊದಲಿನ ಗಣಪತಿ ಸ್ತುತಿ, ಕೊನೆಯ ಮಂಗಳ. ಸ್ತುತಿಯಲ್ಲೂ 'ಡೊಳ್ಳು ಹೊಟ್ಟೆ' ಎಂಬ ಮಾತು ಹೋಯಿತು. ತಮ್ಮರಸಯ್ಯನಿಗೂ ಹೊಟ್ಟೆ ಇತ್ತು. ಸಾಲದ್ದಕ್ಕೆ, ಹೊಡೆದು ಹಾಕಿದ ಮಾತನ್ನು ಯಾರೇ ಆಡಲಿ, ಅವರನ್ನು ಗಡಿ ದಾಟಿಸತಕ್ಕದ್ದು ಎಂದು ಆಜ್ಞೆ ಬರೆದು ದೊರೆ ಮಲ್ಲರಾಜನ ಮುದ್ರೆ ಒತ್ತಿಸಿಕೊಂಡ.

ಹಂಪಯ್ಯ ಗುರುಬಸಪ್ಪನ ಮನೆಗೆ ಬಂದು ಜಗುಲಿಯ ಮೇಲೆ ಕುಸಿದು ಕುಳಿತ.

"ಅಣ್ಣಾ, ಆಡಿದರೆ ಊರು ಬಿಡಬೇಕು. ಆಡದಿದ್ದರೆ ತಂಡ ಒಡೆಯುತ್ತದೆ. ಆಗಲೇ ಇಬ್ಬರನ್ನು ಅರಮನೆ ಮೇಳಕ್ಕೆ ಕರೆದಿದ್ದಾರೆ."

"ನೀವು ಯಾರೂ ಬಾಯಿ ಬಿಡಬೇಡಿ," ಎಂದ ಗುರುಬಸಪ್ಪ. "ಬಾಯಿ ಬಿಡುವವರನ್ನು ನಾನು ಹುಡುಕುತ್ತೇನೆ."

ಮಾರನೆಯ ದಿನ ಆಸ್ಥಾನದಲ್ಲಿ ಅವನು ಮೂಗನಂತೆ ನಿಂತ. ದೊರೆ ಮಾತಾಡಿಸಿದರೆ ಕೈಸನ್ನೆ.

"ಏನಯ್ಯ ಇದು?" ಎಂದ ಮಲ್ಲರಾಜ.

"ಹೆದರಿಕೆ, ಪ್ರಭು! ಯಾವ ಮಾತು ಹೊಡೆದಿದ್ದಾರೋ ನಮಗೇನು ಗೊತ್ತು? ಬೆಳಿಗ್ಗೆ ಮನೆಯವಳು 'ಊಟಕ್ಕೆ ಏನು ಮಾಡಲಿ' ಅಂದಳು. ಅವಳ ಬಾಯಿ ಮುಚ್ಚಿಬಿಟ್ಟೆ. ಉಪವಾಸ ಬಂದಿದ್ದೇನೆ. ಹುಚ್ಚುನಾಯಿ ಬಂದರೆ ಡಂಗುರ, ಕೆರೆ ತೂಬು ಎತ್ತಿದರೆ ಡಂಗುರ. ಕಟ್ಟೆಯ ಮೇಲೆ ಡಂಗುರ ಸಾರದ ಆಜ್ಞೆ ಆಜ್ಞೆಯಲ್ಲ ಎಂದು ತಮ್ಮ ತಾತನವರ ಕಾಲದ ಕಟ್ಟಳೆ."

"ನ್ಯಾಯವೇ. ನಾಳೆ ಸಂತೆಯ ದಿನ, ಸಾರಿಸಿ," ಎಂದ ದೊರೆ.

"ಡಂಗುರದವನು ಒಂದು ಮಾತು ತಪ್ಪಿದರೆ ಅನ್ಯಾಯವಾಗಿ ಯಾರಾದರೂ ಗಡಿ ದಾಟುತ್ತಾರೆ. ಆಜ್ಞೆಗೆ ತಕ್ಕ ಗಂಭೀರ ಕಂಠ ಅವನಿಗೆಲ್ಲಿಂದ ಬರಬೇಕು?" ಎಂದು ಗುರುಬಸಪ್ಪ ನಿಟ್ಟುಸಿರು ಬಿಟ್ಟ.

ತಮ್ಮರಸಯ್ಯ ಗಂಟಲು ಸರಿಮಾಡಿಕೊಂಡ. "ಅವನೇಕೆ? ನಾನೇ ಸಾರುತ್ತೇನೆ."

ಸಂತೆಯ ದಿನ ಕಟ್ಟೆಯ ಸುತ್ತ ಊರೇ ನೆರೆಯಿತು. ತಮಟೆ ಬಡಿಯಿತು. ತಮ್ಮರಸಯ್ಯ ಎದ್ದು ನಿಂತ. ಓಲೆಯೇ ಬೇಕಾಗಿರಲಿಲ್ಲ. ಸಿಟ್ಟಿನಲ್ಲಿ ಮನೆಯವರಿಗೆಲ್ಲ ಹೇಳಿ ಹೇಳಿ ಅಷ್ಟೂ ಬಾಯಿಪಾಠವಾಗಿತ್ತು.

"ಕೇಳಿರಪ್ಪಾ ಕೇಳಿ! ಇನ್ನು ಮುಂದೆ ಈ ಮಾತು ಯಾರೂ ಆಡಕೂಡದು: 'ಸೊಸೇ, ಸುಂಕದವನು ಬಂದ. ತುಪ್ಪದ ಗಡಿಗೆ ಒಳಗಿಡು. ಅವನ ಮೀಸೆಗೆ ಮೂಗಿದೆ!'"

ಜನ ಕಿಸಕ್ಕೆಂದರು.

"ಬುದ್ಧೀ, ಇದು ಅತ್ತೆಯ ಮಾತೋ ಸೊಸೆಯದೋ ತಿಳಿಯಲಿಲ್ಲ," ಎಂದು ಗುರುಬಸಪ್ಪ ಕೈಮುಗಿದ.

ತಮ್ಮರಸಯ್ಯ ಧ್ವನಿ ಸಣ್ಣದು ಮಾಡಿ, ಸೊಂಟದ ಮೇಲೆ ಕೈಯಿಟ್ಟು, ಅತ್ತೆಯಾಗಿ ಮತ್ತೊಮ್ಮೆ ಹೇಳಿದ. ಬಳೆಗಾರ ಬಳೆ ಕೆಳಗಿಟ್ಟು ನಕ್ಕ.

"ಹಿಂದಿನವರಿಗೆ ಕೇಳಲಿಲ್ಲ ಸ್ವಾಮಿ! ಏನು ಆಡಬಾರದು?" ಎಂದು ಗುಂಪಿನ ಹಿಂದಿನಿಂದ ಒಬ್ಬ ಕೂಗಿದ.

"ದಡ್ಡರಾ! 'ಅಳೆದುಕೊಳ್ಳುವಾಗ ದೊಡ್ಡ ಕೊಳಗ, ಅಳೆದು ಕೊಡುವಾಗ ಸಣ್ಣ ಕೊಳಗ. ಕೊಳಗ ಎರಡಾದರೂ ತುಂಬುವ ಹೊಟ್ಟೆ ಒಂದೇ!' ಇದನ್ನು ಆಡಬಾರದು!"

ಹೇಳಿ ತನ್ನ ಹೊಟ್ಟೆಯನ್ನೇ ತಟ್ಟಿ ತೋರಿಸಿದ. ನಗೆಯ ಅಬ್ಬರಕ್ಕೆ ಸಂತೆಯ ಎತ್ತುಗಳು ಬೆದರಿ ಎದ್ದವು. ಅರಮನೆಯ ಉಪ್ಪರಿಗೆಗೂ ಕೇಳಿ ದೊರೆಯೇ ಇಳಿದು ಬಂದ. ಆದರೂ ತಮ್ಮರಸಯ್ಯ ನಿಲ್ಲಿಸಲಿಲ್ಲ. ಅವನ ಮೈಮೇಲೆ ಸೊಸೆ ಬಂದಿದ್ದಳು.

ಕಡೆಗೆ ದೊರೆಯನ್ನು ಕಂಡು ಬೆವರಿದ. "ಪ್ರಭು! ಈ ಹಂಪಯ್ಯನ ಮಾತುಗಳು ನೋಡಿ, ಊರನ್ನೇ ಕೆಡಿಸಿದವು!"

"ಹಂಪಯ್ಯ ಆಡಿದನೇ?"

ಹಂಪಯ್ಯನೂ ತಂಡದವರೂ ತುಟಿಯ ಮೇಲೆ ಬೆರಳಿಟ್ಟು ಸಾಲಾಗಿ ನಿಂತಿದ್ದರು.

ಗುರುಬಸಪ್ಪ ಮುಂದೆ ಬಂದ. "ಪ್ರಭು, ಹೊಡೆದ ಮಾತನ್ನು ಯಾರೇ ಆಡಲಿ, ಗಡಿ ದಾಟಿಸಬೇಕೆಂದು ತಮ್ಮ ಮುದ್ರೆಯಿದೆ. ಇಡೀ ಊರಿನಲ್ಲಿ ಆಡಿದವರು ಇವರೊಬ್ಬರೇ. ಕೇಳಿಸದವರಿಗೆ ಎರಡೆರಡು ಸಲ ಆಡಿದರು. ಈಗ ಒಂದೋ ಪಾರುಪತ್ಯಗಾರರು ಗಡಿಯಾಚೆ, ಇಲ್ಲವೇ ಆಜ್ಞೆ ಗಡಿಯಾಚೆ."

ಮಲ್ಲರಾಜ ಗಂಭೀರನಾಗಿರಲು ನೋಡಿದ, ಆಗಲಿಲ್ಲ. ಹೊಟ್ಟೆ ಹಿಡಿದು ನಕ್ಕ. ಆಜ್ಞೆಯ ಓಲೆಯನ್ನು ತರಿಸಿ ಅಲ್ಲೇ ಹರಿದು ಹಾಕಿದ. "ಹಂಪಯ್ಯ, ನಿನ್ನ ಆಟ ಆಡು. ಕೊಳಗದ ವಿಚಾರ ನಾನು ನೋಡಿಕೊಳ್ಳುತ್ತೇನೆ," ಎಂದು ತನ್ನ ಹೆಗಲ ಶಾಲನ್ನು ಗುರುಬಸಪ್ಪನಿಗೆ ಹೊದಿಸಿದ. ಆಮೇಲೆ ತಲೆ ತಗ್ಗಿಸಿ ನಿಂತಿದ್ದ ತಮ್ಮರಸಯ್ಯನ ಕಡೆ ತಿರುಗಿ, "ಇವನಿಗೆ ಇನ್ನು ಯಾವ ಕೆಲಸ ಕೊಡೋಣ?" ಎಂದು ಕೇಳಿದ.

"ತೆರೆಯ ಹಿಂದೆ ನಿಲ್ಲಿಸಿ, ಪ್ರಭು," ಎಂದ ಗುರುಬಸಪ್ಪ. "ಆಟಗಾರರಿಗಾದರೂ ಅವರವರ ಮಾತಷ್ಟೇ ಗೊತ್ತು. ಆಟ ಪೂರ್ತಿ ಬಾಯಿಪಾಠ ಇರುವವರು ಇವರೊಬ್ಬರೇ. ಯಾರಾದರೂ ಮರೆತರೆ ಹಿಂದಿನಿಂದ ಹೇಳಿಕೊಡಲಿ!"